ಅರ್ಕಾವತ್ತಿಗೆ ಮತ್ತೆ ಕೋಡ್ ಬರೆಯಬೇಕೆ?

ನಮ್ಮ ಪತ್ರಿಕೆಯ ಹಳೆಯ ನುಡಿ ಫೈಲುಗಳನ್ನು ಯೂನಿಕೋಡ್‌ಗೆ ತರುವ ಟೂಲ್ ಮಾಡೋಣ ಎಂದಾಗ, ‘ಎಲ್ಲವನ್ನೂ ನಾವೇ ಬರೆಯೋಣ, ಕಲಿತಂತಾಗುತ್ತದೆ’ ಎಂದರು ಕೆಲವು ಗೆಳೆಯರು. ನಾನು ಒಪ್ಪುವುದಿಲ್ಲ. ‘ಸೂರ್ಯ’ ಪದವನ್ನೇ ನೋಡಿ. ನುಡಿಯಲ್ಲಿ ಅರ್ಕಾವತ್ತಿನ ಚಿಹ್ನೆ ‘ಯ’ದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಇಂಥ ತಕರಾರುಗಳನ್ನು ಬಗೆಹರಿಸಿದ ಮುಕ್ತ ಲೈಬ್ರರಿಗಳು ಈಗಾಗಲೇ ಇವೆ.

ಹಾಗೆಂದು ಕಣ್ಣುಮುಚ್ಚಿ ತರುವುದೂ ಬೇಡ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಕೋಡನ್ನು ಬರೆದವರೇ ಹಿಂತೆಗೆದಾಗ ಸಾವಿರಾರು ಪ್ರಾಜೆಕ್ಟ್‌ಗಳು ಕೆಲಕಾಲ ಕೆಟ್ಟು ನಿಂತವು. ಲೈಸೆನ್ಸ್ ಓದಿ, ಲೈಬ್ರರಿಯ ಒಂದು ಪ್ರತಿಯನ್ನು ಲ್ಯಾಬಿನಲ್ಲೇ ಇಟ್ಟುಕೊಳ್ಳೋಣ. ಆಲ್ದೂರಿನ ಮಳೆಗಾಲದಲ್ಲಿ ನೆಟ್ ನಂಬಿ ಕೂರಲಾದೀತೆ?

ನಮ್ಮ ಶ್ರಮ ಬೇಕಿರುವುದು ಹೆಸರುಗಳಿಗೆ. ಫ಼ಾತಿಮಾ, ಜ಼ೈನಬ್ ಹೆಸರುಗಳ ಚುಕ್ಕೆ ಉಳಿಯಿತೇ ಎಂದು ನೋಡುವ ಕೋಡನ್ನು ನಾವೇ ಬರೆಯಬೇಕು. ಲೈಬ್ರರಿ ಮಾಡಿದವರಿಗೆ ನಮ್ಮ ಹಾಜರಿ ಪಟ್ಟಿ ಗೊತ್ತಿಲ್ಲವಲ್ಲ!