ಬಿಲ್ಲಿನ ನಡುವಿನ ಸಾಲು



ಬೆಂಗಳೂರಿನ ಇಂದಿರಾನಗರ, ಲ್ಯಾವೆಲ್ಲೆ ರಸ್ತೆಯ ದುಬಾರಿ ಬಿಸ್ಟ್ರೋಗಳಲ್ಲಿ ಮಂದ ಬೆಳಕು, ಚಂದದ ತಟ್ಟೆ, ವಿನಯದ ಮಾತು ಎಲ್ಲವೂ ಸೊಗಸು. ಆದರೆ ಕೆಲವೆಡೆ ಬಿಲ್ಲಿನಲ್ಲಿ ಶೇ 10ರ ಸೇವಾ ಶುಲ್ಕ ಸದ್ದಿಲ್ಲದೆ ಕುಳಿತಿರುತ್ತದೆ. ಕಂಡರೂ ನೆಂಟರೆದುರು ಕೇಳಲು ಗ್ರಾಹಕರಿಗೆ ಸಂಕೋಚ.

ಅದು ತೆರಿಗೆಯಲ್ಲ.

ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಟನೆಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಬಡಿಸಿದವರಿಗೆ ಮನಸಾರೆ ಟಿಪ್ಸ್ ಕೊಡುವುದು ಬೇರೆ ಮಾತು. ಪ್ಯಾರಿಸ್‌ನ ಬಿಸ್ಟ್ರೋಗಳಲ್ಲಿ ಸೇವೆಯ ಹಣ ಮೆನುವಿನ ಬೆಲೆಯಲ್ಲೇ ಸೇರಿರುತ್ತದೆ. ಹೆಸರನ್ನು ಅಲ್ಲಿಂದ ತಂದವರು ಆ ಪದ್ಧತಿಯನ್ನೂ ತರಬಹುದಿತ್ತು!

ಶುಲ್ಕ ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

– ಓದುಗ, ಬೆಂಗಳೂರು