ಅಜ್ಜಿಯ ಮಾತನ್ನು ಅಳೆಯುವಾಗ ನೀವು ಪಕ್ಕದಲ್ಲಿರಿ



‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಮನೆಯ ಹಿರಿಯರ ಬಾಯಲ್ಲಿ ನೀವು ಕೇಳಿಯೇ ಇರುತ್ತೀರಿ. ಗಾದೆ ಕಟ್ಟಿದವರು ಊಟವನ್ನೂ ಮಾತನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾರೆ. ನಮ್ಮ ದೇಹವೂ ಹಾಗೆಯೇ ಮಾಡಿದೆ. ತುತ್ತು ನುಂಗುವುದಕ್ಕೂ ಮಾತು ಆಡುವುದಕ್ಕೂ ಬೇಕಾದದ್ದು ಅದೇ ತುಟಿ, ಅದೇ ನಾಲಗೆ, ಅದೇ ಗಂಟಲು. ಆದ್ದರಿಂದಲೇ ಪಾರ್ಶ್ವವಾಯು ಬಡಿದಾಗ ಕೆಲವರಿಗೆ ಎರಡೂ ಒಟ್ಟಿಗೆ ಕೈಕೊಡುತ್ತವೆ.

ಪ್ರಾಣಾಪಾಯ ಕಳೆದ ಮೇಲೆ ವೈದ್ಯರು ‘ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ’ ಎನ್ನುತ್ತಾರೆ. ಅಜ್ಜ-ಅಜ್ಜಿಯರನ್ನು ಅಲ್ಲಿಗೆ ಕರೆದೊಯ್ಯುವವರು ಯಾರು? ಅಪ್ಪನಿಗೆ ರಜೆ ಸಿಗುವುದಿಲ್ಲ. ಅಮ್ಮನಿಗೆ ಹಿಂದಿ, ಇಂಗ್ಲಿಷಿನಲ್ಲಿ ಆಸ್ಪತ್ರೆಯವರೊಡನೆ ಮಾತಾಡಲು ಅಳುಕು. ಕೊನೆಗೆ ಆ ಕೆಲಸ ಬೀಳುವುದು ನಿಮ್ಮ ಹೆಗಲಿಗೇ. ‘ನಮಗೆ ಕನ್ನಡ ಅಷ್ಟಕ್ಕಷ್ಟೆ’ ಎಂದು ನೀವು ಸಂಕೋಚಪಡುತ್ತೀರಿ, ನಿಜ. ಆದರೆ ಆ ಕೋಣೆಯಲ್ಲಿ ಅಜ್ಜಿಯ ಕನ್ನಡ ಅರ್ಥವಾಗುವವರು ನೀವೊಬ್ಬರೇ ಆಗಿರಬಹುದು. ಅಲ್ಲಿ ಏನು ನಡೆಯುತ್ತದೆ, ನೀವು ಏನು ಮಾಡಬೇಕು ಎಂಬುದನ್ನು ಈ ಸಲ ನೋಡೋಣ.

ನಾಲಗೆಯ ತೊಂದರೆಯೋ, ಭಾಷೆಯ ತೊಂದರೆಯೋ?

ಪರೀಕ್ಷಿಸುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. ತುಟಿ, ನಾಲಗೆಯ ಸ್ನಾಯುಗಳು ದುರ್ಬಲವಾಗಿ ಮಾತು ತೊದಲಿದರೆ ಅದು ಡಿಸಾರ್ಥ್ರಿಯಾ. ಅಂಥವರಿಗೆ ಏನು ಹೇಳಬೇಕೆಂದು ಚೆನ್ನಾಗಿ ಗೊತ್ತಿರುತ್ತದೆ. ಉಚ್ಚಾರ ಮಾತ್ರ ಸ್ಪಷ್ಟವಿರುವುದಿಲ್ಲ. ಮಿದುಳಿನಲ್ಲಿ ಭಾಷೆಯ ಕೆಲಸ ಮಾಡುವ ಭಾಗಕ್ಕೇ ಪೆಟ್ಟು ಬಿದ್ದು ಪದ ಸಿಗದೆ, ವಾಕ್ಯ ಕೂಡದೆ, ಕೇಳಿದ್ದು ತಿಳಿಯದೆ ಹೋದರೆ ಅದು ಅಫೇಸಿಯಾ. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ಕಂಡ ರೋಗಿಯೊಬ್ಬ ಏನು ಕೇಳಿದರೂ ‘ತಾನ್, ತಾನ್’ ಎನ್ನುತ್ತಿದ್ದ. ಆದರೆ ಇತರರು ಹೇಳಿದ್ದು ಅವನಿಗೆ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಅವನು ತೀರಿಕೊಂಡ ಮೇಲೆ ಮಿದುಳಿನ ಎಡಭಾಗದ ಮುಂಬದಿಯಲ್ಲಿ ಹಾನಿ ಕಂಡುಬಂತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದ. ಇಲ್ಲಿ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಅರ್ಥವಿರುವುದಿಲ್ಲ, ಕೇಳಿದ್ದೂ ತಿಳಿಯುವುದಿಲ್ಲ. ಇಂಥವರನ್ನು ‘ತಲೆ ಕೆಟ್ಟಿದೆ’ ಎಂದು ನೆರೆಹೊರೆಯವರು ಸುಲಭವಾಗಿ ಹೇಳಿಬಿಡುತ್ತಾರೆ. ಅಫೇಸಿಯಾ ಹುಚ್ಚಲ್ಲ.

ಇದನ್ನು ಅಳೆಯಲು ಮುಖ್ಯವಾಗಿ ನಾಲ್ಕು ಕೆಲಸ ಕೊಡುತ್ತಾರೆ: ತಾವಾಗಿಯೇ ಮಾತಾಡುವುದು, ಹೇಳಿದ್ದನ್ನು ಅರ್ಥಮಾಡಿಕೊಳ್ಳುವುದು, ಹೇಳಿಕೊಟ್ಟದ್ದನ್ನು ಮತ್ತೆ ಹೇಳುವುದು, ವಸ್ತುಗಳ ಹೆಸರು ಹೇಳುವುದು. ಆಮೇಲೆ ಓದು, ಬರಹ. ಇಲ್ಲಿ ಸರಿ ಉತ್ತರಗಳ ಎಣಿಕೆಯಷ್ಟೇ ಮುಖ್ಯವಾದದ್ದು ತಪ್ಪಿನ ಬಗೆ. ಗಡಿಯಾರದ ಚಿತ್ರ ತೋರಿಸಿದಾಗ ಒಬ್ಬರು ‘ಟೈಮು ನೋಡೋದು’ ಎನ್ನುತ್ತಾರೆ: ವಸ್ತು ಗೊತ್ತು, ಹೆಸರು ಸಿಗುತ್ತಿಲ್ಲ. ಇನ್ನೊಬ್ಬರು ‘ಕ್ಯಾಲೆಂಡರ್’ ಎನ್ನುತ್ತಾರೆ: ಅರ್ಥದಲ್ಲಿ ಹತ್ತಿರವಿರುವ ಬೇರೆ ಪದ ಬಂತು. ಮತ್ತೊಬ್ಬರು ‘ಗಡಿಗೆ’ ಎನ್ನುತ್ತಾರೆ: ಧ್ವನಿಯಲ್ಲಿ ಹತ್ತಿರವಿರುವ ಪದ ಬಂತು. ಮೂರೂ ತಪ್ಪೇ, ಆದರೆ ಮೂರರ ಚಿಕಿತ್ಸೆಯ ದಾರಿ ಒಂದೇ ಆಗಲಾರದು.

ಕನ್ನಡದಲ್ಲೇ ಏಕೆ?

‘ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಪರೀಕ್ಷೆ ಮಾಡಿದರೆ ಆಗದೇ?’ ಎಂದು ನೀವು ಕೇಳಬಹುದು. ‘ಹುಲಿಯನ್ನು ಸಿಂಹ ಕೊಂದಿತು’ ಎಂಬ ವಾಕ್ಯ ನೋಡಿ. ಸತ್ತದ್ದು ಯಾರು? ಹುಲಿ. ‘ಸಿಂಹ ಹುಲಿಯನ್ನು ಕೊಂದಿತು’ ಎಂದರೂ ಸತ್ತದ್ದು ಹುಲಿಯೇ. ಇಂಗ್ಲಿಷಿನಲ್ಲಿ ಪದಗಳ ಜಾಗ ಬದಲಾದರೆ ಕೊಂದವನೂ ಸತ್ತವನೂ ಅದಲುಬದಲಾಗುತ್ತಾರೆ. ಕನ್ನಡದಲ್ಲಿ ಆ ಭಾರ ಹೊತ್ತಿರುವುದು ‘ಅನ್ನು’ ಎಂಬ ಪುಟ್ಟ ಪ್ರತ್ಯಯ. ಅದರ ಹಿಡಿತ ತಪ್ಪಿದೆಯೇ ಎಂದು ತಿಳಿಯಲು ಇಂಗ್ಲಿಷಿನ ಪ್ರಶ್ನೆಪತ್ರಿಕೆಯನ್ನು ಪದಕ್ಕೆ ಪದ ಅನುವಾದಿಸಿದರೆ ಸಾಲದು.

ಇದಕ್ಕಾಗಿಯೇ ಕನ್ನಡದ ಪರೀಕ್ಷೆಗಳು ಹುಟ್ಟಿವೆ. ಪ್ರತಿಭಾ ಕಾರಂತರು 1980ರಲ್ಲಿ ರೂಪಿಸಿದ ‘ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್’ ಕನ್ನಡದ ಧ್ವನಿ, ವಾಕ್ಯರಚನೆ, ಅರ್ಥ ಮೂರನ್ನೂ ಪರೀಕ್ಷಿಸುತ್ತದೆ. ಕರ್ಟೆಸ್ ಅವರ ‘ವೆಸ್ಟರ್ನ್ ಅಫೇಸಿಯಾ ಬ್ಯಾಟರಿ’ಗೆ ಕನ್ನಡ ರೂಪವಿದೆ. ಕೆನಡಾದ ಮಿಶೆಲ್ ಪಾರಾದಿ ಹಲವು ಭಾಷೆಗಳಿಗಾಗಿ ಸಿದ್ಧಪಡಿಸಿದ ‘ಬೈಲಿಂಗ್ವಲ್ ಅಫೇಸಿಯಾ ಟೆಸ್ಟ್’ನಲ್ಲೂ ಕನ್ನಡ ಸೇರಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಬಗೆಯ ಕೆಲಸಕ್ಕೆ ಹೆಸರಾದದ್ದು. ನೀವು ಹೋದ ಆಸ್ಪತ್ರೆಯಲ್ಲಿ ‘ಕನ್ನಡದ ಟೆಸ್ಟ್ ಇದೆಯೇ, ತರಿಸಿಕೊಳ್ಳಬಹುದೇ?’ ಎಂದು ವಿನಯದಿಂದ ಕೇಳಿ. ಕೇಳಿದ್ದರಿಂದ ಯಾರೂ ಬೇಸರಪಡುವುದಿಲ್ಲ.

ಹಲವು ಭಾಷೆ ಬಲ್ಲವರಿಗೆ ಅಫೇಸಿಯಾ ಬಂದರೆ ಯಾವ ಭಾಷೆ ಮೊದಲು ಮರಳುತ್ತದೆ? ಎಳವೆಯಲ್ಲಿ ಕಲಿತದ್ದು ಉಳಿಯುತ್ತದೆ ಎಂಬ ನಿಯಮ ಫ್ರಾನ್ಸಿನ ರಿಬೊ ಅವರ ಹೆಸರಿನಲ್ಲಿದೆ. 1895ರಲ್ಲಿ ಅದೇ ದೇಶದ ಪಿತ್ರ್, ಹೆಚ್ಚು ರೂಢಿಯಲ್ಲಿದ್ದ ಭಾಷೆಯೇ ಮೊದಲು ಮರಳುತ್ತದೆ ಎಂದರು. ಎರಡಕ್ಕೂ ಅಪವಾದಗಳು ಬೇಕಾದಷ್ಟಿವೆ. ಹಾಗಾಗಿ ರೋಗಿಗೆ ಗೊತ್ತಿದ್ದ ಎಲ್ಲ ಭಾಷೆಗಳನ್ನೂ ನೋಡಬೇಕು.

ಇಲ್ಲಿಯೇ ನಿಮ್ಮ ಮೊದಲ ಕೆಲಸ. ಹೋಗುವ ಮುಂಚೆ ಒಂದು ಕಾಗದದಲ್ಲಿ ಹಿರಿಯರ ಭಾಷಾಚರಿತ್ರೆ ಬರೆದುಕೊಳ್ಳಿ. ಮನೆಯಲ್ಲಿ ತುಳುವೋ, ಕೊಂಕಣಿಯೋ, ಕನ್ನಡವೋ? ಶಾಲೆ ಯಾವ ಭಾಷೆಯಲ್ಲಿ, ಎಷ್ಟನೆಯ ಇಯತ್ತೆವರೆಗೆ? ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರೇ? ಮರಾಠಿ, ಹಿಂದಿ ಯಾವ ವಯಸ್ಸಿನಲ್ಲಿ ಬಂತು? ಎಂದೂ ಓದು ಬಾರದ ಅಜ್ಜಿ ಈಗ ಓದದಿದ್ದರೆ ಅದು ರೋಗದ ಲಕ್ಷಣವಲ್ಲ. ಅಜ್ಜ ಮೊದಲಿನಿಂದಲೂ ‘ಹಾಲು’ ಎನ್ನಲು ‘ಆಲು’ ಎನ್ನುತ್ತಿದ್ದರೆ ಅದು ಅವರ ಊರ ಮಾತು. ಇದನ್ನು ಹೇಳಬಲ್ಲವರು ಮನೆಯವರು ಮಾತ್ರ. ಕನ್ನಡಕ, ಶ್ರವಣಯಂತ್ರ ಇದ್ದರೆ ಮರೆಯದೆ ಒಯ್ಯಿರಿ. ಕಿವಿ ಕೇಳಿಸದವರಿಗೆ ‘ಅರ್ಥವಾಗುವುದಿಲ್ಲ’ ಎಂದು ಅಂಕ ಕಳೆದರೆ ಅನ್ಯಾಯ.

ದುಭಾಷಿಯ ಶಿಸ್ತು

ಎರಡನೆಯ ಕೆಲಸ ಇನ್ನೂ ಕಷ್ಟದ್ದು. ಥೆರಪಿಸ್ಟ್‌ಗೆ ಕನ್ನಡ ಬಾರದಿದ್ದರೆ ನೀವೇ ದುಭಾಷಿ. ಅಜ್ಜಿ ‘ನಾನು ಪೇಟೆ... ತರಕಾರಿ... ಹೋಗು’ ಎಂದರೆ ಪ್ರೀತಿಯಿಂದ ನೀವು ‘ತರಕಾರಿ ತರಲು ಪೇಟೆಗೆ ಹೋಗಿದ್ದೆ ಅಂತಾರೆ’ ಎಂದು ತಿದ್ದಿ ಹೇಳುತ್ತೀರಿ. ಆ ಕ್ಷಣದಲ್ಲಿ ರೋಗವೇ ಮಾಯವಾಯಿತು! ಕೇಳುವವರು ‘ವಾಕ್ಯ ಸರಿಯಾಗಿದೆ’ ಎಂದು ಬರೆದುಕೊಳ್ಳುತ್ತಾರೆ. ಬಿಟ್ಟುಹೋದ ‘ಗೆ’, ಬಾರದ ಕ್ರಿಯಾಪದರೂಪ, ನಡುವಿನ ಮೌನ — ಅವರಿಗೆ ಬೇಕಾದದ್ದು ಇವೇ.

ಆದ್ದರಿಂದ ಕೇಳಿಸಿದ್ದನ್ನು ಕೇಳಿಸಿದಂತೆಯೇ ಹೇಳಿ. ಪದ ತಪ್ಪಿದ್ದರೆ ಯಾವ ಪದದ ಬದಲು ಯಾವ ಪದ ಬಂತೆಂದು ಹೇಳಿ. ಅರ್ಥವಿಲ್ಲದ ಪದವಾದರೆ ಹಾಗೆಂದೇ ಹೇಳಿ. ಕಣ್ಸನ್ನೆ, ಕೈಸನ್ನೆ ಬೇಡ. ‘ಅಜ್ಜಿ, ಅದೇ ಗೋಡೆ ಮೇಲೆ ಇರತ್ತಲ್ಲ...’ ಎಂದು ಸುಳಿವು ಕೊಡುವುದೂ ಬೇಡ. ಸುಳಿವು ಯಾವಾಗ, ಎಷ್ಟು ಎಂಬುದು ಪರೀಕ್ಷೆಯ ಭಾಗ, ಅದನ್ನು ಅವರು ನೋಡಿಕೊಳ್ಳುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಅಜ್ಜಿಯ ಎದುರಿಗೇ ‘ಇವರಿಗೆ ಏನೂ ತಿಳಿಯಲ್ಲ’ ಎನ್ನಬೇಡಿ. ಮಾತು ಬಾರದವರಿಗೂ ಆ ಮಾತು ಅರ್ಥವಾಗುತ್ತಿರಬಹುದು.

ಒಂದು ಲೋಟ ನೀರು

ಇನ್ನು ನುಂಗುವ ಪರೀಕ್ಷೆ. ಪಾರ್ಶ್ವವಾಯುವಾದವರಿಗೆ ‘ಏನಾದರೂ ತಿನ್ನಲಿ ಪಾಪ’ ಎಂದು ನರ್ಸಿನ ಕಣ್ಣು ತಪ್ಪಿಸಿ ಗಂಜಿ ಕುಡಿಸುವುದು ನಮ್ಮವರ ಅಭ್ಯಾಸ. ನುಂಗುವಾಗ ಶ್ವಾಸನಾಳದ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಆದ್ದರಿಂದ ಪರೀಕ್ಷೆಗೆ ಮೊದಲು ಬಾಯಿಗೆ ಏನೂ ಕೊಡಬಾರದು.

ಥೆರಪಿಸ್ಟ್ ಮೊದಲು ತುಟಿ, ನಾಲಗೆ, ಕೆಮ್ಮಿನ ಬಲ ನೋಡುತ್ತಾರೆ. ಸ್ವಲ್ಪ ಸ್ವಲ್ಪ ನೀರು ಕೊಟ್ಟು, ತಡೆದುಕೊಂಡರೆ ಸುಮಾರು 90 ಮಿ.ಲೀ. ಅನ್ನು ನಿಲ್ಲಿಸದೆ ಕುಡಿಸುವ ಕ್ರಮವೂ ಇದೆ. ಕೆಮ್ಮು ಬಂದರೆ, ದನಿ ಗೊರಗೊರ ಎಂದು ನೀರು ತುಂಬಿದಂತಾದರೆ ಅಪಾಯದ ಸೂಚನೆ. ಆದರೆ ಕೆಲವರಿಗೆ ಶ್ವಾಸನಾಳಕ್ಕೆ ನೀರಿಳಿದರೂ ಕೆಮ್ಮೇ ಬರುವುದಿಲ್ಲ. ಅದು ಹೊರಗಿನಿಂದ ಕಾಣಿಸದು. ಅದಕ್ಕಾಗಿ ಬೇರಿಯಂ ಬೆರೆಸಿದ ಆಹಾರ ಕೊಟ್ಟು ಚಲಿಸುವ ಎಕ್ಸ್‌ರೇಯಲ್ಲಿ ನೋಡುತ್ತಾರೆ. ಇಲ್ಲವೇ ಮೂಗಿನ ಮೂಲಕ ತೆಳುವಾದ ದುರ್ಬೀನು ಇಳಿಸಿ ನೋಡುತ್ತಾರೆ. ಈ ಎರಡನೆಯ ವಿಧಾನವನ್ನು ಅಮೆರಿಕದ ಸೂಸನ್ ಲ್ಯಾಂಗ್ಮೋರ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದರು. ನೀವು ಮನೆಯಲ್ಲಿ ನೀರು ಕುಡಿಸಿ ‘ಪಾಸು, ನಪಾಸು’ ನೋಡಲು ಹೋಗಬೇಡಿ. ಬದಲಿಗೆ ಮನೆಯ ಅಡುಗೆ ಏನೆಂದು ಹೇಳಿ. ಸಾರನ್ನದಲ್ಲಿ ತೆಳುವೂ ಗಟ್ಟಿಯೂ ಒಟ್ಟಿಗೆ ಬಾಯಿಗೆ ಬರುತ್ತವೆ. ಅದು ಹಲವರಿಗೆ ಕಷ್ಟ. ನಯವಾಗಿ ಕಲಸಿದ ಮೊಸರನ್ನ, ರಾಗಿ ಗಂಜಿ ಆದೀತೇ, ಎಷ್ಟು ಗಟ್ಟಿ ಇರಬೇಕು ಎಂದು ಕೇಳಿ ಬರೆದುಕೊಳ್ಳಿ.

ದನಿಯ ಮಾತು, ಮಕ್ಕಳ ಮಾತು

ದನಿ ಒಡೆದು ಮೂರು-ನಾಲ್ಕು ವಾರವಾದರೂ ಸರಿಹೋಗದಿದ್ದರೆ ಕಷಾಯ ಕುಡಿಯುತ್ತ ಕೂರದೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಬೇಕು. ಅವರು ಧ್ವನಿತಂತುಗಳನ್ನು ಕಣ್ಣಾರೆ ನೋಡಿದ ಮೇಲೆಯೇ ದನಿಯ ಚಿಕಿತ್ಸೆ. ಒಂದೇ ಉಸಿರಿನಲ್ಲಿ ‘ಆ’ ಎಂದು ಎಷ್ಟು ಸೆಕೆಂಡು ಎಳೆಯಬಲ್ಲಿರಿ ಎಂಬುದೂ ಆ ಪರೀಕ್ಷೆಯಲ್ಲಿ ಸೇರುತ್ತದೆ.

ಅಕ್ಕನ ಮಗು ಎರಡು ವರ್ಷವಾದರೂ ಎರಡು ಪದ ಕೂಡಿಸುತ್ತಿಲ್ಲವೇ? ಮೊದಲು ಕಿವಿಯ ಪರೀಕ್ಷೆ, ಆಮೇಲೆ ಭಾಷೆಯ ಪರೀಕ್ಷೆ ಮಾಡಿಸಿ. ‘ಮನೆಯಲ್ಲಿ ಕನ್ನಡ ಬಿಡಿ, ಎರಡು ಭಾಷೆಯಿಂದ ಮಗು ಗಲಿಬಿಲಿಗೊಳ್ಳುತ್ತದೆ’ ಎಂಬ ಸಲಹೆ ಬಂದರೆ ಒಪ್ಪಬೇಡಿ. ಎರಡು ಭಾಷೆ ಕೇಳುವುದರಿಂದ ಮಾತಿನ ರೋಗ ಹುಟ್ಟುವುದಿಲ್ಲ. ಮಗು ಬಲ್ಲ ಪದಗಳನ್ನು ಎಣಿಸುವಾಗ ಕನ್ನಡದ್ದೂ ಹಿಂದಿಯದೂ ಕೂಡಿಸಿ ಎಣಿಸಬೇಕು. ದಿಲ್ಲಿಯ ಮಗು ‘ನಮ್ಮ ಹಳ್ಳಿ’ಯನ್ನು ‘ನಮ್ಮ ಹಲ್ಲಿ’ ಎಂದರೆ ನಗಬಹುದು. ‘ಳ’ ಇಲ್ಲದ ಭಾಷೆಯ ನಡುವೆ ಬೆಳೆದದ್ದರ ಗುರುತು ಅದು, ದೋಷವಲ್ಲ.

ಮುಂಬಯಿಯವರಿಗೆ ನಾಯರ್ ಆಸ್ಪತ್ರೆಯಲ್ಲಿ ಈ ವಿಭಾಗವಿದೆ. ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಖಾಸಗಿಯಾಗಿ ತೋರಿಸುವವರು, 1992ರ ಕಾಯಿದೆಯ ಪ್ರಕಾರ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ಥೆರಪಿಸ್ಟರ ನೋಂದಣಿ ಇದೆಯೇ ಎಂದು ವಿಚಾರಿಸಿಕೊಳ್ಳಿ. ಒಂದು ಎಚ್ಚರಿಕೆ: ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ ಥೆರಪಿಸ್ಟ್ ಆಮೇಲೆ, ಮೊದಲು ದೊಡ್ಡ ಆಸ್ಪತ್ರೆಗೆ ಓಡಿ. ರಕ್ತದ ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವಿದೆ.

ಮಿತ್ರರೇ, ‘ಕನ್ನಡ ಕಲಿತು ಏನುಪಯೋಗ?’ ಎಂದು ಸಂಘದ ಸಭೆಗಳಲ್ಲಿ ನೀವು ಕೇಳುವುದುಂಟು. ಈ ವಾರ ಅಜ್ಜಿಯ ಬಳಿ ಅರ್ಧ ಗಂಟೆ ಕುಳಿತು ಅವರ ಭಾಷಾಚರಿತ್ರೆಯನ್ನು ಬರೆದುಕೊಳ್ಳಿ. ಆ ಕಾಗದ ಎಂದೂ ಬೇಕಾಗದಿರಲಿ. ಬೇಕಾದ ದಿನ ಮಾತ್ರ, ಅದನ್ನು ಓದಿ ಹೇಳಲು ನೀವಿರಿ.

ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.