ಹೆತ್ತವರಿರುವ ಅನಾಥರು, ಹದಿನೈದು ದಿನದ ಅಧ್ಯಾಪಕರು

ಗಲ್ಫ್‌ನಲ್ಲಿ ಉದ್ಯೋಗದಲ್ಲಿರುವ ಯುವಕರೊಬ್ಬರು ಕಳೆದ ರಜೆಯಲ್ಲಿ ನಮ್ಮನ್ನು ಭೇಟಿಯಾದರು. ಊರಿಗೆ ಬರುವ ಮೊದಲು ಅವರು ಎರಡು ವಾರ ಕಾಂಬೋಡಿಯಾದಲ್ಲಿದ್ದರು. ಸೀಮ್ ರೀಪ್ ಪಟ್ಟಣದ ಒಂದು ಅನಾಥಾಲಯದಲ್ಲಿ ಬಡ ಮಕ್ಕಳಿಗೆ ಇಂಗ್ಲಿಷ್ ಕಲಿಸಿದರಂತೆ. ವಿಮಾನದ ಟಿಕೆಟ್ ಮಾತ್ರವಲ್ಲ, ಕಲಿಸುವ ಅವಕಾಶಕ್ಕಾಗಿ ಏಜೆನ್ಸಿಯೊಂದಕ್ಕೆ ಶುಲ್ಕವನ್ನೂ ತೆತ್ತಿದ್ದರು. ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸುವಾಗ ಅವರ ಮುಖದಲ್ಲಿದ್ದ ಸಂತೋಷ ಪ್ರಾಮಾಣಿಕವಾದುದು. ಅದನ್ನು ನಾವು ಶಂಕಿಸುವುದಿಲ್ಲ.

ಒಂದು ಚಿತ್ರದಲ್ಲಿ ಹುಡುಗನೊಬ್ಬ ಅವರ ಹೆಗಲೇರಿ ಕುಳಿತಿದ್ದ. ಇವನ ಹೆಸರೇನೆಂದು ಕೇಳಿದೆವು. ನೆನಪಿರಲಿಲ್ಲ. ಇವನ ತಂದೆ ತಾಯಿ? "ಅನಾಥಾಲಯ ಅಲ್ವಾ, ಇರಲಿಕ್ಕಿಲ್ಲ" ಎಂದರು. ನಿಮಗಿಂತ ಮೊದಲು ಯಾರು ಕಲಿಸುತ್ತಿದ್ದರು? ಕೆನಡಾದ ಇಬ್ಬರು ವಿದ್ಯಾರ್ಥಿನಿಯರಂತೆ. ಅವರು ಏನು ಕಲಿಸಿದ್ದರು? ಇಂಗ್ಲಿಷ್ ಅಕ್ಷರಮಾಲೆ. ನೀವು? ಯುವಕ ಸ್ವಲ್ಪ ತಡೆದು ನಕ್ಕರು. "ನಾನೂ ಅದನ್ನೇ."

ಅವರನ್ನು ಅವಮಾನಿಸಲು ನಾವು ಇದನ್ನು ಬರೆಯುತ್ತಿಲ್ಲ. ಆದರೆ ಇಂತಹ ಸೇವಾ ಪ್ರವಾಸಗಳ ಗಾಳಿ ಈಗ ನಮ್ಮ ವಿದ್ಯಾವಂತ ಯುವಕರಿಗೂ ತಗುಲಿರುವುದರಿಂದ ಕೆಲವು ಮಾತುಗಳನ್ನು ನೇರವಾಗಿ ಹೇಳಲೇಬೇಕಾಗಿದೆ.

ಮೊದಲು ಕಾಂಬೋಡಿಯಾದ ಕಥೆ. 1975ರಿಂದ 1979ರ ವರೆಗೆ ಆ ದೇಶವನ್ನಾಳಿದ ಪೋಲ್ ಪಾಟ್‌ನ ಖ್ಮೇರ್ ರೂಜ್ ಆಡಳಿತವು ಶಾಲೆಗಳನ್ನು ಮುಚ್ಚಿತು, ಅಧ್ಯಾಪಕರನ್ನು ಹುಡುಕಿ ಕೊಂದಿತು. ಚಾಮ್ ಮುಸ್ಲಿಮರ ಮಸೀದಿಗಳನ್ನು ಕೆಡವಿತು, ಅವರ ಭಾಷೆಯನ್ನೂ ನಮಾಝನ್ನೂ ನಿಷೇಧಿಸಿತು. ಚಾಮ್ ಜನರ ಮೇಲೆ ನಡೆದುದು ಜನಾಂಗ ಹತ್ಯೆಯೆಂದು ನ್ಯಾಯಾಲಯವೊಂದು ತೀರ್ಪು ನೀಡಲು 2018ರ ನವೆಂಬರ್ ಬರಬೇಕಾಯಿತು. ಅಂತಹ ನೆಲದಲ್ಲಿ ಅಧ್ಯಾಪಕರ ಕೊರತೆ ನಿಜ, ಅನಾಥ ಮಕ್ಕಳ ದುಃಖವೂ ನಿಜ. ಆದರೆ ಯುದ್ಧ ಮುಗಿದು ದೇಶ ಚೇತರಿಸಿಕೊಳ್ಳತೊಡಗಿದಾಗ ಅನಾಥಾಲಯಗಳು ಕಡಿಮೆಯಾಗಬೇಕಿತ್ತಲ್ಲವೇ? ಆದುದು ಅದಕ್ಕೆ ವಿರುದ್ಧ. 2005ರಿಂದ 2010ರ ನಡುವೆ ಅಲ್ಲಿನ ಮಕ್ಕಳ ವಸತಿ ಕೇಂದ್ರಗಳ ಸಂಖ್ಯೆ ಶೇ. 75ರಷ್ಟು ಹೆಚ್ಚಿತು. ಅಂಕೋರ್ ವಾಟ್ ನೋಡಲು ಬರುವವರ ಸಂಖ್ಯೆ ಏರುತ್ತಿದ್ದ ವರ್ಷಗಳೇ ಅವು. ಆಗ ಲೆಕ್ಕಕ್ಕೆ ಸಿಕ್ಕ 269 ಕೇಂದ್ರಗಳಲ್ಲಿ ಸರಕಾರದವು ಕೇವಲ 21. ಉಳಿದವು ನಡೆಯುತ್ತಿದ್ದುದು ಬಹುತೇಕ ವಿದೇಶಿಯರ ಹಣದಿಂದ. ಅಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಂದೆ ಅಥವಾ ತಾಯಿ, ಕನಿಷ್ಠ ಒಬ್ಬರಾದರೂ ಬದುಕಿದ್ದರು. ಕಾಂಬೋಡಿಯಾ ಸರಕಾರ ಮತ್ತು ಯುನಿಸೆಫ್ ಜೊತೆಗೂಡಿ ನಡೆಸಿದ ಅಧ್ಯಯನವು 2011ರಲ್ಲೇ ಇದನ್ನು ಜಗತ್ತಿನ ಮುಂದಿಟ್ಟಿತ್ತು.

ಹಾಗಾದರೆ ಹೆತ್ತವರಿರುವ ಮಗು ಅನಾಥಾಲಯ ಸೇರಿದ್ದು ಹೇಗೆ? ಹಳ್ಳಿಯ ತಾಯಿಗೆ ಒಬ್ಬ ಬಂದು ಹೇಳುತ್ತಾನೆ: ನಿನ್ನ ಮಗನಿಗೆ ಊಟವಿದೆ, ಬಟ್ಟೆಯಿದೆ, ಇಂಗ್ಲಿಷ್ ಕಲಿಸುತ್ತಾರೆ. ಶಾಲೆಗೆ ಕಳುಹಿಸಲು ಗತಿಯಿಲ್ಲದ ತಾಯಿ ಒಪ್ಪುತ್ತಾಳೆ. ಆ ಕ್ಷಣದಿಂದ ಅವಳ ಬಡತನವೇ ಇನ್ನೊಬ್ಬನ ಬಂಡವಾಳ. ಪ್ರವಾಸಿಗನಿಗೆ ಅಪ್ಪಿಕೊಳ್ಳಲು ಅನಾಥ ಮಗು ಬೇಕು, ಕೇಂದ್ರದವನಿಗೆ ಪ್ರವಾಸಿಗನ ಡಾಲರ್ ಬೇಕು. ಮಕ್ಕಳನ್ನು ಸಂಜೆ ಅತಿಥಿಗಳೆದುರು ಕುಣಿಸಿದ, ಕರಪತ್ರ ಕೊಟ್ಟು ಬೀದಿಗೆ ಅಟ್ಟಿದ ಕೇಂದ್ರಗಳೂ ಇದ್ದವು. ಕೆಲವೆಡೆ ಮಕ್ಕಳನ್ನು ಬೇಕೆಂದೇ ಹರಕು ಬಟ್ಟೆಯಲ್ಲಿ ಇಡಲಾಗುತ್ತಿತ್ತು. ಏಕೆಂದರೆ ಮಗು ಚೆನ್ನಾಗಿದ್ದರೆ ದಾನ ಬರುವುದಿಲ್ಲ! ಮಕ್ಕಳು ಪ್ರವಾಸಿ ತಾಣಗಳಲ್ಲ ಎಂದು ಭಿತ್ತಿಪತ್ರ ಹಚ್ಚಿ 2011ರಲ್ಲಿ ಅಭಿಯಾನವನ್ನೇ ನಡೆಸಬೇಕಾಗಿ ಬಂತೆಂದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂದು ಊಹಿಸಬಹುದು.

ನೇಪಾಳದ್ದು ಇನ್ನೂ ಕ್ರೂರ. ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ (1996–2006) ಹುಮ್ಲಾದಂತಹ ದುರ್ಗಮ ಜಿಲ್ಲೆಗಳಿಂದ ದಲ್ಲಾಳಿಗಳು ಮಕ್ಕಳನ್ನು ಕಾಠ್ಮಂಡುವಿಗೆ ತಂದರು. ಒಳ್ಳೆಯ ಶಾಲೆಗೆ ಸೇರಿಸುತ್ತೇವೆಂದು ಹೆತ್ತವರಿಂದಲೇ ಹಣ ಪಡೆದರು. ಬಳಿಕ ಆ ಮಕ್ಕಳ ತಂದೆ ಸತ್ತಿದ್ದಾನೆಂದು ಸುಳ್ಳು ದಾಖಲೆ ಸೃಷ್ಟಿಸಿದರು. ತಂದೆ ಬೆಟ್ಟದ ಮೇಲೆ ಗದ್ದೆ ಉಳುತ್ತಿದ್ದ, ಮಗ ರಾಜಧಾನಿಯ ಕಾಗದದಲ್ಲಿ ಅನಾಥನಾಗಿದ್ದ. ನೇಪಾಳದ ಇಂತಹ ಕೇಂದ್ರಗಳು ಹೆಚ್ಚಾಗಿರುವುದು ಬಡ ಜಿಲ್ಲೆಗಳಲ್ಲಲ್ಲ, ಕಾಠ್ಮಂಡು ಕಣಿವೆ, ಪೋಖರಾ, ಚಿತ್ವನ್‌ನಂತಹ ಪ್ರವಾಸಿಗರು ಸುಳಿಯುವ ಕಡೆಗಳಲ್ಲಿ. 2015ರ ಭೂಕಂಪದ ಬಳಿಕ, ಅನುಮತಿಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಸಾಗಿಸಬಾರದೆಂದು ಸರಕಾರ ಆದೇಶ ಹೊರಡಿಸಬೇಕಾಯಿತು. ಮಕ್ಕಳನ್ನು ಅವರವರ ತಂದೆಯ ಹೆಸರಿನಿಂದಲೇ ಗುರುತಿಸಬೇಕೆಂದು ಸೂರಃ ಅಲ್‌ಅಹ್‌ಝಾಬ್‌ನಲ್ಲಿ ಆದೇಶವಿದೆ. ಸಾಕಿದವನಿಗೂ ಆ ಹೆಸರನ್ನು ಅಳಿಸುವ ಹಕ್ಕಿಲ್ಲ. ಇಲ್ಲಿ ಬದುಕಿರುವ ತಂದೆಯನ್ನೇ ಕಾಗದದಲ್ಲಿ ಕೊಲ್ಲಲಾಯಿತು, ಮತ್ತು ಆ ಕಾಗದವನ್ನು ಜೀವಂತವಾಗಿಟ್ಟದ್ದು ಸದುದ್ದೇಶದ ವಿದೇಶಿ ಸ್ವಯಂಸೇವಕರ ಶುಲ್ಕ.

2018ರಲ್ಲಿ ಆಸ್ಟ್ರೇಲಿಯಾ, ಅನಾಥಾಲಯಗಳಿಗಾಗಿ ನಡೆಯುವ ಮಕ್ಕಳ ಸಾಗಾಟವನ್ನು ಆಧುನಿಕ ಗುಲಾಮಗಿರಿಯೆಂದು ಗುರುತಿಸಿತು. ಮರುವರ್ಷ ವಿಶ್ವಸಂಸ್ಥೆಯ ಮಹಾಸಭೆಯೂ ಅನಾಥಾಲಯಗಳಲ್ಲಿನ ಸ್ವಯಂಸೇವೆಯ ಅಪಾಯದ ಕುರಿತು ಎಚ್ಚರಿಸಿತು. ಅಂದರೆ ಇದು ಯಾರೋ ಅತೃಪ್ತರ ಗೊಣಗಾಟವಲ್ಲ. ವಿಪರ್ಯಾಸವೆಂದರೆ, ಪಾಶ್ಚಾತ್ಯ ಸಮಾಜ ತನ್ನ ಯುವಜನರನ್ನು ಈ ದಾರಿಯಿಂದ ಹಿಂದಕ್ಕೆ ಕರೆಯುತ್ತಿರುವಾಗ ನಮ್ಮವರು ಅದೇ ದಾರಿಗೆ ಹೊಸದಾಗಿ ಕಾಲಿಡುತ್ತಿದ್ದಾರೆ. ಅವರು ಬಿಟ್ಟ ಕೋಟನ್ನು ತೊಡುವುದು ನಮಗೆ ಹಳೆಯ ಅಭ್ಯಾಸ.

ಇಲ್ಲಿ ಒಂದು ರಾಜಕೀಯವೂ ಇದೆ. 2003ರಲ್ಲಿ ಫ್ನೋಮ್ ಪೆನ್ ಸಮೀಪದ ಒಂದು ಇಸ್ಲಾಮೀ ಶಾಲೆಯನ್ನು ಭಯೋತ್ಪಾದನೆಯ ಶಂಕೆಯ ಮೇಲೆ ಮುಚ್ಚಿ, ಅದರ ವಿದೇಶಿ ಅಧ್ಯಾಪಕರನ್ನು ಗಡೀಪಾರು ಮಾಡಲಾಯಿತು. ಅದೇ ವರ್ಷಗಳಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಬಂದ ಯಾವ ಬಿಳಿಯನೂ ಮಕ್ಕಳ ಕೋಣೆಗೆ ನೇರವಾಗಿ ನಡೆದುಹೋಗಬಹುದಿತ್ತು. ಅವನ ಹಿನ್ನೆಲೆ ಏನು, ಅವನು ಶಿಕ್ಷಣ ತರಬೇತಿ ಪಡೆದಿದ್ದಾನೆಯೇ ಎಂದು ಕೇಳುವವರಿರಲಿಲ್ಲ. ಮಕ್ಕಳನ್ನು ದುರುಪಯೋಗಪಡಿಸುವ ನೀಚರೂ ಆ ಬಾಗಿಲಿನಿಂದಲೇ ಒಳನುಗ್ಗಿದರು. ಒಬ್ಬನ ಮೇಲೆ ಅತಿ ಶಂಕೆ, ಇನ್ನೊಬ್ಬನ ಮೇಲೆ ಕುರುಡು ನಂಬಿಕೆ. ಎರಡರಲ್ಲೂ, ಮಗು ಏನು ಕಲಿಯಿತು ಎಂಬ ಪ್ರಶ್ನೆ ಮಾತ್ರ ಯಾರಿಗೂ ಮುಖ್ಯವಾಗಲಿಲ್ಲ.

ಆ ಪ್ರಶ್ನೆಯನ್ನು ಮುಖ್ಯವಾಗಿಸಿದ ಒಂದು ಘಟನೆ ನಮ್ಮ ಇತಿಹಾಸದಲ್ಲಿದೆ. ಬದ್ರ್ ಯುದ್ಧದಲ್ಲಿ ಸೆರೆಯಾದ ಮಕ್ಕಾದವರ ಪೈಕಿ ಓದುಬರಹ ಬಲ್ಲ, ಆದರೆ ಪರಿಹಾರ ಧನ ತೆರಲಾಗದ ಕೆಲವರಿಗೆ ಪ್ರವಾದಿವರ್ಯರು(ಸ) ಒಂದು ಷರತ್ತು ವಿಧಿಸಿದರು: ಮದೀನಾದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಬಿಡುಗಡೆ. ಹದಿನೈದು ದಿನ ಎಂದಲ್ಲ, ಒಂದು ತಿಂಗಳು ಎಂದೂ ಅಲ್ಲ. ಮಕ್ಕಳು ಕಲಿತಾಗಲೇ ಲೆಕ್ಕ ಚುಕ್ತಾ. ಝೈದ್ ಬಿನ್ ಸಾಬಿತ್(ರ) ಹೀಗೆ ಅಕ್ಷರ ಕಲಿತವರಲ್ಲೊಬ್ಬರೆಂದು ಇಬ್ನು ಸಅದ್ ದಾಖಲಿಸುತ್ತಾರೆ. ಮುಂದೆ ಕುರ್‌ಆನ್ ಸಂಕಲನದ ಹೊಣೆ ಹೊತ್ತವರು ಅವರೇ. ಮುಸ್ನದ್ ಅಹ್ಮದ್‌ನಲ್ಲಿ ಈ ಪ್ರಸಂಗಕ್ಕೆ ಒಂದು ಪುಟ್ಟ ಬಾಲವಿದೆ. ನಮ್ಮ ಉಪನ್ಯಾಸಕರು ಅದನ್ನು ಹೇಳುವುದು ಕಡಿಮೆ. ಒಂದು ದಿನ ಹುಡುಗನೊಬ್ಬ ಅಳುತ್ತಾ ತಂದೆಯ ಬಳಿ ಬಂದ, ಮೇಷ್ಟ್ರು ಹೊಡೆದರೆಂದ. ಇವನು ಬದ್ರ್‌ನ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ತಂದೆಗೆ ಅನಿಸಿತು. ಇನ್ನು ಅವನಲ್ಲಿಗೆ ಹೋಗಬೇಡವೆಂದು ಮಗನನ್ನು ತಡೆದುಬಿಟ್ಟ. ನೋಡಿ, ಮಗುವಿಗೆ ಓಡಿಹೋಗಲು ಒಬ್ಬ ತಂದೆಯಿದ್ದ. ಅವನ ದೂರನ್ನು ಕೇಳುವವರಿದ್ದರು. ಸೀಮ್ ರೀಪ್‌ನ ಆ ಹುಡುಗ ಯಾರ ಬಳಿಗೆ ಓಡಬೇಕು?

"ಉದ್ದೇಶ ಒಳ್ಳೆಯದಿತ್ತಲ್ಲ" ಎಂದು ಕೆಲವರು ಹೇಳುತ್ತಾರೆ, ಕೂಡಲೇ ನಿಯ್ಯತ್ತಿನ ಕುರಿತ ಪ್ರಸಿದ್ಧ ಹದೀಸನ್ನೂ ಎತ್ತಿಕೊಳ್ಳುತ್ತಾರೆ. ಅದೇ ಹದೀಸ್ ಗ್ರಂಥಗಳಲ್ಲಿ, ವೈದ್ಯಕೀಯ ಬಾರದವನು ಚಿಕಿತ್ಸೆಗಿಳಿದರೆ ಆಗುವ ಹಾನಿಗೆ ಅವನೇ ಹೊಣೆ ಎಂಬ ವಿಧಿಯೂ ಇದೆ. ಅವನ ಉದ್ದೇಶವನ್ನು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಮಗುವಿನ ಮನಸ್ಸು ಕಾಲಿನ ಹುಣ್ಣಿಗಿಂತ ಕಡಿಮೆಯದೇ? ಎರಡು ವಾರಕ್ಕೊಮ್ಮೆ ಒಬ್ಬ ಹೊಸ ಅಣ್ಣ, ಒಬ್ಬ ಹೊಸ ಅಕ್ಕ ಬಂದು ಮುದ್ದಿಸಿ ಕಣ್ಣೀರಿಟ್ಟು ಮಾಯವಾಗುತ್ತಾರೆ. ಅಪರಿಚಿತನ ಹೆಗಲನ್ನು ಕ್ಷಣಾರ್ಧದಲ್ಲಿ ಏರುವ ಮಗುವನ್ನು ಕಂಡು ನಾವು ಪ್ರೀತಿಯೆಂದು ಭ್ರಮಿಸುತ್ತೇವೆ. ಮಕ್ಕಳನ್ನು ಬಲ್ಲವರು ಅದನ್ನು ಗಾಯದ ಗುರುತೆಂದು ಓದುತ್ತಾರೆ.

ಈ ಮಾತನ್ನು ಹೇಳಿದವರಲ್ಲಿ ನಾವೇ ಮೊದಲಿಗರಲ್ಲ. 1968ರ ಎಪ್ರಿಲ್‌ನಲ್ಲಿ, ಮೆಕ್ಸಿಕೊದ ಹಳ್ಳಿಗಳ ಸೇವೆಗೆ ಹೊರಟಿದ್ದ ಅಮೆರಿಕನ್ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಕೆಥೊಲಿಕ್ ಪಾದ್ರಿ ಇವಾನ್ ಇಲ್ಲಿಚ್ ಅವರ ಸದುದ್ದೇಶವನ್ನೇ ತೀಕ್ಷ್ಣವಾಗಿ ಖಂಡಿಸಿದರು. ಕರೆದವರ ಮುಂದೆಯೇ ಹಾಗೆ ಹೇಳಲು ಧೈರ್ಯ ಬೇಕು. ನಮ್ಮ ಸಮಾರಂಭಗಳಲ್ಲಿ ಅಂತಹ ಭಾಷಣಕಾರನಿಗೆ ಮರುವರ್ಷ ಆಮಂತ್ರಣ ಬರುವುದಿಲ್ಲ.

ಹಾಗೆಂದು ಪರದೇಶಕ್ಕೆ ಹೋಗಿ ಕಲಿಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಹಿಜ್‌ರತ್‌ಗೆ ಮೊದಲು ಮುಸ್‌ಅಬ್ ಬಿನ್ ಉಮೈರ್(ರ) ಮಕ್ಕಾದಿಂದ ಯಸ್‌ರಿಬ್‌ಗೆ ಅಧ್ಯಾಪಕರಾಗಿಯೇ ಹೋದವರು. ಆದರೆ ಅವರು ಆ ಊರಿನವರ ಬೇಡಿಕೆಯ ಮೇರೆಗೆ ಹೋದರು, ಆ ಊರಿನವರ ಮನೆಯಲ್ಲೇ ತಂಗಿದರು, ಅವರ ಭಾಷೆಯಲ್ಲೇ ಮಾತಾಡಿದರು. 1961ರಲ್ಲಿ ಆರಂಭವಾದ ಅಮೆರಿಕದ ಪೀಸ್ ಕಾರ್ಪ್ಸ್‌ನ ರಾಜಕೀಯದ ಬಗ್ಗೆ ನಮಗೆ ಎಷ್ಟೇ ತಕರಾರಿರಲಿ, ಅದು ಸ್ಥಳೀಯ ಭಾಷೆ ಕಲಿಸಿ, ತರಬೇತಿ ಸೇರಿ 27 ತಿಂಗಳ ಅವಧಿಗೆ ಕಳುಹಿಸುತ್ತದೆ. ಖ್ಮೇರ್ ಭಾಷೆಯ ಒಂದು ವಾಕ್ಯವೂ ಬಾರದೆ, ಮಕ್ಕಳು ಏನು ಕೇಳುತ್ತಿದ್ದಾರೆಂದೂ ತಿಳಿಯದೆ ಎರಡು ವಾರ ನಿಂತವನನ್ನು ಅಧ್ಯಾಪಕನೆಂದು ಕರೆಯುವುದು, ಸಂಬಳ ಸಾಲದೆ ಮತ್ತೊಂದು ಕೆಲಸವನ್ನೂ ಮಾಡಿ ಪಾಳಿ ಪಾಳಿಯಾಗಿ ತರಗತಿ ನಡೆಸುವ ಕಾಂಬೋಡಿಯಾದ ಸರಕಾರಿ ಶಾಲೆಯ ಅಧ್ಯಾಪಕನಿಗೆ ಮಾಡುವ ಅನ್ಯಾಯ. ಒಬ್ಬನ ವಿಮಾನ ಟಿಕೆಟಿನ ಹಣದಲ್ಲಿ ಅಂತಹ ಅಧ್ಯಾಪಕನ ಎಷ್ಟು ದಿನದ ಸಂಬಳವಾದೀತೆಂದು ಹೊರಡುವ ಮೊದಲು ಲೆಕ್ಕ ಹಾಕಬಾರದೇ?

ಇನ್ನು ನಮ್ಮದೇ ಅಂಗಳದ ಮಾತು. ಶರೀಅತ್‌ನ ಪರಿಭಾಷೆಯಲ್ಲಿ ಯತೀಮ್ ಎಂದರೆ ತಂದೆಯನ್ನು ಕಳಕೊಂಡ ಮಗು. ತಾಯಿ ಬದುಕಿರುವುದೇ ಹೆಚ್ಚು. ಪ್ರವಾದಿವರ್ಯರೂ(ಸ) ಯತೀಮರಾಗಿದ್ದರು. ಅವರು ಬೆಳೆದುದು ತಾಯಿಯ, ಅಜ್ಜನ, ಬಳಿಕ ದೊಡ್ಡಪ್ಪನ ಮನೆಯಲ್ಲಿ, ಕಟ್ಟಡವೊಂದರಲ್ಲಿ ಅಲ್ಲ. ಯತೀಮರ ಸೊತ್ತಿನ ವಿಷಯದಲ್ಲಿ ಸೂರಃ ಅನ್ನಿಸಾ ಅಷ್ಟು ಕಠಿಣವಾಗಿ ಎಚ್ಚರಿಸುವುದು ಸಂರಕ್ಷಕರನ್ನು ಉದ್ದೇಶಿಸಿಯೇ ಹೊರತು ಅಪರಿಚಿತ ಕಳ್ಳರನ್ನಲ್ಲ. ಹೀಗಿರುವಾಗ ವಿಧವೆ ತಾಯಿಗೆ ತಿಂಗಳ ರೇಶನ್ ಕೊಟ್ಟು ಮಗುವನ್ನು ಅವಳ ಮಡಿಲಲ್ಲೇ ಉಳಿಸುವುದಕ್ಕಿಂತ, ಮಗುವನ್ನು ಅವಳಿಂದ ಬಿಡಿಸಿ ಯತೀಮ್‌ಖಾನದ ಸಾಲಿನಲ್ಲಿ ನಿಲ್ಲಿಸುವುದು ನಮಗೇಕೆ ಸುಲಭವೆನಿಸುತ್ತದೆ? ತಾಯಿಗೆ ಕೊಟ್ಟ ರೇಶನ್ನಿಗೆ ನಾಮಫಲಕವಿಲ್ಲ, ರಮಝಾನ್‌ನಲ್ಲಿ ದಾನಿಗಳನ್ನು ಕರೆದೊಯ್ದು ತೋರಿಸಲು ಅಲ್ಲಿ ಏನೂ ಇಲ್ಲ. ಒಂದೇ ಬಣ್ಣದ ಟೊಪ್ಪಿ ಧರಿಸಿ ನಿಂತ ಮಕ್ಕಳ ಫೋಟೋಕ್ಕೂ ಆ ಯುವಕನ ಮೊಬೈಲಿನ ಫೋಟೋಕ್ಕೂ ವ್ಯತ್ಯಾಸವಿದೆಯೇ ಎಂದು ನಮ್ಮ ಜಮಾಅತ್‌ಗಳ ಪದಾಧಿಕಾರಿಗಳು ಎದೆ ಮುಟ್ಟಿ ಹೇಳಲಿ. ಎಲ್ಲ ಯತೀಮ್‌ಖಾನಗಳೂ ಹಾಗೆಂದು ನಾವು ಹೇಳುತ್ತಿಲ್ಲ. ನಿಜವಾಗಿಯೂ ಯಾರೂ ಇಲ್ಲದ ಮಗುವಿಗೆ ಸೂರು ಕೊಟ್ಟ ಹಿರಿಯರ ಋಣ ನಮ್ಮ ಮೇಲಿದೆ.

ಆ ಯುವಕ ಹೊರಡುವಾಗ ಮುಂದಿನ ರಜೆಯಲ್ಲಿ ಮತ್ತೆ ಹೋಗಲೇ ಎಂದು ಕೇಳಿದರು. ಏಜೆನ್ಸಿಗೆ ಮೊದಲು ಮೂರು ವಿಷಯ ಬರೆದು ಕೇಳಿ ಎಂದೆವು. ಆ ಮಕ್ಕಳಲ್ಲಿ ಎಷ್ಟು ಮಂದಿಗೆ ತಂದೆ ಅಥವಾ ತಾಯಿ ಇದ್ದಾರೆ? ಅವರನ್ನು ಮನೆಗೆ ಮರಳಿಸಲು ಏನು ಮಾಡಿದ್ದೀರಿ? ನಾನು ಕೊಟ್ಟ ಶುಲ್ಕದಲ್ಲಿ ಸ್ಥಳೀಯ ಅಧ್ಯಾಪಕರಿಗೆ ಸಂದದ್ದೆಷ್ಟು? ಅವರು ಬರೆದರು. ವಾರ ಕಳೆದ ಮೇಲೆ ಉತ್ತರ ಬಂತು. ಹಳೆಯ ಸ್ವಯಂಸೇವಕರಿಗೆ ಮುಂದಿನ ತಂಡದಲ್ಲಿ ರಿಯಾಯಿತಿ ಇದೆಯೆಂದು ಅದರಲ್ಲಿತ್ತು.